ಅಳುವ ನಳಿಕೆ

ನವೆಂಬರ್ 3

ಕೆಲಸಕ್ಕೆ ಸೇರಿದೆ. ಬರೆಯುವುದಷ್ಟೇ, ಯಾರ ಜೊತೆಗೂ ಮಾತಾಡಬೇಕಿಲ್ಲ ಎಂದು ಅಮ್ಮ ಎರಡು ಸಲ ಹೇಳಿದ ಮೇಲೆ ಒಪ್ಪಿದ್ದು.

ಓಡೈಪಟ್ಟಿಯಿಂದ ಮೂರು ಕಿಲೋಮೀಟರ್ ಆಚೆ, ದ್ರಾಕ್ಷಿ ತೋಟಗಳು ಮುಗಿಯುವ ಕಡೆ, ನೂಲಿನ ಗಿರಣಿಯವರೊಬ್ಬರು ಎಂದೋ ಹಾಕಿಸಿ ಬಿಟ್ಟುಹೋದ ಟಾರಿನ ಓಡುದಾರಿ ಇದೆ. ಅದರ ಪಕ್ಕದ, ಮಳೆಯ ಎರಚಲು ನುಗ್ಗುವ ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ನಿಂತಿದೆ. ಮೂಗಿನಿಂದ ಬಾಲದವರೆಗೆ ನನ್ನ ಒಂಬತ್ತು ಹೆಜ್ಜೆ. ಎರಡು ತಿಂಗಳು ಅದು ನಮ್ಮ ಕಣಿವೆಯ ಮೇಲೆ ಹಾರಾಡಿ ಎಲ್ಲಿ ಎಷ್ಟು ಗಾಳಿ, ಎಲ್ಲಿ ಎಷ್ಟು ಬಿಸಿ ಎಂದು ಅಳೆಯುತ್ತದಂತೆ. ಹಾರಾಟದ ಅಂಕಿಗಳನ್ನೂ ದುರಸ್ತಿಯ ವಿವರವನ್ನೂ ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆಯುವುದು ನನ್ನ ಕೆಲಸ.

ವಿಮಾನ ನೋಡಿಕೊಳ್ಳುವ ಎಂಜಿನಿಯರ್ ಪ್ರಭಾಕರನ್, ದಿಂಡಿಗಲ್‌ನವರು. ನಾನು ಬೀಗದ ಊರಿನವನಮ್ಮಾ, ತೆರೆಯದೆ ಬಿಡುವುದಿಲ್ಲ ಎಂದು ತಮ್ಮ ಪರಿಚಯ ತಾವೇ ಹೇಳಿಕೊಂಡರು. ನಾನು ತಲೆಯಾಡಿಸಿದೆ. ಅವರು ಎಡ ರೆಕ್ಕೆಯ ಅಡಿಗೆ ಕರೆದು, ಮುಂದಕ್ಕೆ ಮುಖಮಾಡಿದ್ದ ಪೆನ್ಸಿಲ್ ದಪ್ಪದ ಲೋಹದ ನಳಿಕೆಯೊಂದನ್ನು ತೋರಿಸಿದರು. ಹಾರುವಾಗ ಗಾಳಿ ಇದರ ಬಾಯಿಗೆ ನುಗ್ಗುತ್ತದೆ; ಎಷ್ಟು ಜೋರಾಗಿ ಒತ್ತುತ್ತದೋ ವಿಮಾನದ ವೇಗ ಅಷ್ಟು. ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡದೊಂದು ಮೊನೆ. ಅದು ಗಾಳಿಯ ಬಿಸಿ ಹೇಳುತ್ತದೆ. ನೆಲದ ಮೇಲೆ ಎಷ್ಟು ದೂರ ಸಾಗಿದೆವು ಎನ್ನುವುದನ್ನು ಉಪಗ್ರಹ ಹೇಳುತ್ತದೆ. ಗಾಳಿಯೊಳಗೆ ಎಷ್ಟು ಸಾಗಿದೆವು ಎನ್ನುವುದನ್ನು ಈ ನಳಿಕೆ ಹೇಳುತ್ತದೆ. ಎರಡರ ವ್ಯತ್ಯಾಸವೇ ಗಾಳಿ.

ಹುಟ್ಟಿದಾಗಿನಿಂದ ಕಿವಿಯಲ್ಲಿ ಬೀಸುತ್ತಿರುವ ಈ ಕಣಿವೆಯ ಗಾಳಿ ಒಂದು ವ್ಯತ್ಯಾಸವಂತೆ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ.

ನವೆಂಬರ್ 6

ಈ ಕೆಲಸ ಕೊಡಿಸಿದ್ದು ತಾತ. ಅಮ್ಮನ ಅಪ್ಪ, ಪೆರಿಯಣ್ಣನ್. ಎಪ್ಪತ್ತನಾಲ್ಕು ವರ್ಷ. ಅರವತ್ತು ವರ್ಷ ದ್ರಾಕ್ಷಿ ಬೆಳೆದ ಕೈ. ಶೆಡ್ಡಿನ ಪಕ್ಕದ ತೋಟವೇ ನಮ್ಮದಾದ್ದರಿಂದ ಹಗಲಿನ ಕಾವಲು ಅವರದ್ದು. ಕುತ್ತಿಗೆಗೆ ಸೀಟಿ, ಕೈಯಲ್ಲಿ ಕೋಲು. ವಿಮಾನ ಬಂದ ದಿನದಿಂದ ಅವರು ಬಿಳಿ ಅಂಗಿಯನ್ನೇ ಹಾಕುತ್ತಿದ್ದಾರೆ.

ರಾತ್ರಿ ತುಂತುರು ಬಿದ್ದಿತ್ತು. ಬೆಳಿಗ್ಗೆ ತಾತ ನನ್ನನ್ನು ರೆಕ್ಕೆಯ ಕೆಳಗೆ ಕರೆದರು. ನಳಿಕೆಯ ಹೊಟ್ಟೆಯಿಂದ ಒಂದು ಹನಿ ಇಳಿದು, ತೂಗಿ, ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಅಳ್ತೈತೆ ಪುಳ್ಳೆ," ಎಂದರು ತಾತ. "ಕೊಯ್ದ ಬಳ್ಳಿ ಅಳೋ ಹಂಗೆ. ಪಾವಂ. ನಾ ನೋಡ್ಕೊತೀನಿ."

ತಾತ ನನ್ನೊಡನೆ ಮನೆಮಾತಾದ ಇಲ್ಲಿಯ ಕನ್ನಡವನ್ನೇ ಆಡುತ್ತಾರೆ; ಪುಳ್ಳೆ ಎಂದರೆ ಮಗು, ಪಾವಂ ಎಂದರೆ ಪಾಪ. ನಾನು ಎಂದಿನಂತೆ ತಮಿಳಿನಲ್ಲಿ ಸರಿ ಎಂದೆ. ಮೈಸೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಐದು ವರ್ಷ ಕನ್ನಡ ಓದಿ ಬಂದೆ. ಆ ಕನ್ನಡ ಇಲ್ಲಿ ಆಡಿದರೆ ರೇಡಿಯೋ ವಾರ್ತೆ ಓದಿದ ಹಾಗಿರುತ್ತದೆ. ಇಲ್ಲಿಯದು ಕಿವಿಗೆ ಗೊತ್ತು, ನಾಲಗೆಗೆ ಹತ್ತುವುದಿಲ್ಲ. ಹೀಗಾಗಿ ಕನ್ನಡ ಈ ದಿನಚರಿ ಪುಸ್ತಕದೊಳಗೆ ಮಾತ್ರ.

ನವೆಂಬರ್ 7

ನಳಿಕೆಯಿಂದ ಇಂದು ಹನಿ ಬೀಳಲಿಲ್ಲ. ತಾತ ಎರಡು ಸಲ ಹೋಗಿ ನೋಡಿ ಬಂದರು. ದಿನವಿಡೀ ಖುಷಿಯಾಗಿದ್ದರು.

ನವೆಂಬರ್ 10

ವಿಮಾನ ಹಾರಿಸುವವಳು ಜನನಿ. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಒಡ್ಡನ್‌ಛತ್ರಂ ತರಕಾರಿ ಮಂಡಿಯಲ್ಲಿ ಅವಳಪ್ಪನ ಅಂಗಡಿ. ಚಿಕ್ಕಂದಿನಲ್ಲಿ ನುಗ್ಗೆಕಾಯಿ ಹರಾಜು ಕೂಗಿ ಬೆಳೆದ ಗಂಟಲು. ರೇಡಿಯೋ ಇಲ್ಲದಿದ್ದರೂ ಅವಳ ಮಾತು ಆಕಾಶದಿಂದ ಕೇಳಿಸುತ್ತದೆ ಎಂದು ಪ್ರಭಾಕರನ್ ರೇಗಿಸುತ್ತಾರೆ. ಅವಳು ಅವರನ್ನು ಬೀಗದ ಮಾಮಾ ಎನ್ನುತ್ತಾಳೆ.

ಇಂದಿನ ಹಾರಾಟದ ಅಂಕಿಗಳನ್ನು ನಕಲು ಮಾಡುತ್ತ ಕೂತಿದ್ದೆ. ಕಂಬಂ ಮೇಲೆ ಗಾಳಿ ಗಂಟೆಗೆ ಮೂವತ್ತೊಂದು ಕಿಲೋಮೀಟರ್. ಗೂಡಲೂರು ದಾಟಿ ಬೆಟ್ಟದ ಸಂದಿಯಲ್ಲಿ ಐವತ್ತಾರು. ಅಲ್ಲಿಂದ ಇತ್ತ ತಿರುಗಿದ ಕೂಡಲೇ ಹನ್ನೆರಡು. ಬರಿಯ ಅಂಕಿಗಳು. ಆದರೂ ಬರೆಯುತ್ತ ಬರೆಯುತ್ತ ದೊಡ್ಡದೊಂದು ಪ್ರಾಣಿ ಬೆಟ್ಟದ ಆ ಕಡೆಯಿಂದ ತಲೆ ತೂರಿಸಿ, ನಮ್ಮ ಚಪ್ಪರಗಳ ಮೇಲೆ ಮೈ ಸಡಿಲಿಸಿ ಮಲಗುವುದು ಕಂಡಂತಾಯಿತು. ಯಾರಿಗೂ ಹೇಳಲಿಲ್ಲ.

ನವೆಂಬರ್ 14

ಎರಡು ಸಲ ಬರೆದು ಹೊಡೆದುಹಾಕಿದೆ.

ನಿನ್ನೆಯೆಲ್ಲ ಮಳೆ. ಇಂದು ಬೆಳಿಗ್ಗೆ ಬಿಡುವು ಸಿಕ್ಕಿತೆಂದು ಜನನಿ ಹೊರಟಳು. ಒಂದು ಗಂಟೆಯ ನಂತರ ಇಳಿಯಲು ಬಂದಾಗ ನಾನು ಶೆಡ್ಡಿನ ಮುಂದೆ ನಿಂತಿದ್ದೆ. ಓಡುದಾರಿಯ ಆರಂಭಕ್ಕೆ ತೆಂಗಿನಮರದೆತ್ತರದಲ್ಲಿ ವಿಮಾನ ಒಮ್ಮೆ ಮೈ ಕೊಡವಿತು. ಎಡ ರೆಕ್ಕೆ ಕೆಳಗೆ ಜಾರಿತು. ಎಂಜಿನ್ನು ಕಿರುಚಿತು, ಮೂಗು ನೆಲದ ಕಡೆ ಹೋಯಿತು, ನೇರವಾಯಿತು, ಚಕ್ರಗಳು ನೆಲಕ್ಕೆ ಬಡಿದು ಎರಡು ಸಲ ಪುಟಿದವು. ನಿಂತಿತು.

ಜನನಿ ಇಳಿದು ಬಂದು ನೀರು ಕೇಳಿದಳು. ವೇಗದ ಮುಳ್ಳು ನೂರೈದು ತೋರಿಸುತ್ತಿತ್ತಂತೆ. ನಿಜವಾದ ವೇಗ ಎಂಬತ್ತರ ಒಳಗೇ ಇತ್ತು ಎಂದು ಅವಳ ಬೆನ್ನಿಗೆ ತಿಳಿಯಿತಂತೆ. ಎಪ್ಪತ್ತೈದರ ಕೆಳಗೆ ಈ ವಿಮಾನ ಹಾರುವುದಿಲ್ಲ, ಬೀಳುತ್ತದೆ.

ತಾತ ಅವಳಿಗೆ ನೀರಿನ ಚೊಂಬು ಕೊಟ್ಟರು. ಅವಳು ಕುಡಿದು ಮುಗಿಸುವವರೆಗೆ ಚೊಂಬಿನ ಕೆಳಗೆ ತಮ್ಮ ಕೈ ಇಟ್ಟುಕೊಂಡೇ ನಿಂತಿದ್ದರು.

ನವೆಂಬರ್ 15

ಹುಡುಕಾಟ ಶುರು. ಪ್ರಭಾಕರನ್ ನಳಿಕೆಯ ಹಿಂದಿನ ರಬ್ಬರ್ ಕೊಳವೆ ಬಿಚ್ಚಿ ಊದಿದರು. ನಾಲ್ಕೈದು ಹನಿ ನೀರು ಹೊರಗೆ ಬಂತು. ಮಳೆ ನೀರು ಒಳಗೆ ಹೋಗಿದೆ, ನಿಲ್ಲಿಸಿದಾಗ ಹಾಕುವ ಗವಸು ಹಳೆಯದು ಎಂದು ಹೊಸ ಗವಸು ಹೊಲಿಸಲು ತೇನಿಗೆ ಕಳುಹಿಸಿದರು. ಆಮೇಲೆ ಮುಳ್ಳು ಸರಿಯಿದೆಯೇ ನೋಡಲು ಪಾರದರ್ಶಕ ಕೊಳವೆಯೊಂದನ್ನು ಬಾಗಿಸಿ ಹಲಗೆಗೆ ಕಟ್ಟಿದರು. ಅದರೊಳಗೆ ಅರಿಸಿನ ಕದಡಿದ ನೀರು. ಒಂದು ತುದಿ ನಳಿಕೆಯ ಬಾಯಿಗೆ. ಇನ್ನೊಂದು ಬಯಲಿಗೆ ತೆರೆದಿತ್ತು. ನಳಿಕೆಯ ಕಡೆ ಕವಲೊಂದು ಕೂಡಿಸಿ ಸಿರಿಂಜಿನಲ್ಲಿ ನಿಧಾನವಾಗಿ ಒತ್ತಿದರು. ನೀರು ಒಂದು ಬದಿ ಇಳಿದು ಇನ್ನೊಂದು ಬದಿ ಏರಿತು. ಎರಡು ಮಟ್ಟಗಳ ನಡುವೆ ಸ್ಕೇಲು ಹಿಡಿಯಲು ನನಗೆ ಹೇಳಿದರು. ನಲವತ್ತೆಂಟು ಮಿಲಿಮೀಟರ್.

ವಿಮಾನದೊಳಗಿಂದ ಜನನಿ ಕೂಗಿದಳು, ನೂರು.

ನಾನು ಸ್ಕೇಲನ್ನು ಮತ್ತೆ ನೋಡಿದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನುಗ್ಗುವ ಗಾಳಿ ಇಷ್ಟು ನೀರನ್ನು ಎತ್ತಬಲ್ಲದು: ನನ್ನ ನಡುಬೆರಳಿನ ಎರಡು ಗೆಣ್ಣು. ಇಬ್ಬರು ಮನುಷ್ಯರನ್ನೂ ಎಂಜಿನ್ನನ್ನೂ ಆಕಾಶದಲ್ಲಿ ಹಿಡಿದು ನಿಲ್ಲಿಸುವುದು ಇಷ್ಟೇ ಒತ್ತಡ. ಪ್ರಭಾಕರನ್ ನನ್ನ ಮುಖ ನೋಡಿ, ಮೊದಲ ಸಲ ನೋಡಿದಾಗ ತಮಗೂ ಹೀಗೇ ಆಗಿತ್ತು ಎಂದರು. ಎಷ್ಟು ಮೆಲ್ಲಗೆ ಆಡಿದ ಮಾತಮ್ಮಾ ಇದು, ಅದನ್ನು ಕೇಳಿಸಿಕೊಳ್ಳುವ ಕಿವಿ ಎಷ್ಟು ಸೂಕ್ಷ್ಮ ಇರಬೇಕು.

ದಾಖಲೆ ಪುಸ್ತಕದಲ್ಲಿ 'ತೊಂದರೆ' ಬರೆದೆ. 'ಮಾಡಿದ್ದು' ಬರೆದೆ. 'ಕಾರಣ' ಎನ್ನುವ ಕಡೆ ಅಡ್ಡಗೆರೆ ಎಳೆಯಹೋದೆ. ಅವರು ನನ್ನ ಪೆನ್ನು ಹಿಡಿದು ತಡೆದರು. ಗೆರೆ ಎಳೆದರೆ ಮುಗಿಯಿತು ಎಂದರ್ಥ. ಗೊತ್ತಾಗುವವರೆಗೆ ಖಾಲಿ ಇರಲಿ ಎಂದರು.

ನವೆಂಬರ್ 18

ಮೂರು ದಿನ ಬಿಸಿಲು. ಮೂರೂ ಹಾರಾಟ ಸರಿ. ಹೊಸ ಗವಸು ಮೂಗಿಗೆ ಕಟ್ಟಿದ ಚೀಲದ ಹಾಗಿದೆ. ವಿಮಾನ ಕಡಲೆ ತಿನ್ನುವ ಕುದುರೆಯಂತೆ ಕಾಣುತ್ತದೆ ಎಂದು ಜನನಿ ನಕ್ಕಳು.

ನವೆಂಬರ್ 20

ಮತ್ತೆ ಆಯಿತು. ಹಾರುತ್ತಿದ್ದಾಗ ಮಳೆ ಸಿಕ್ಕಿತು. ಹತ್ತು ನಿಮಿಷದಲ್ಲಿ ವೇಗದ ಮುಳ್ಳು ಹಳೆಯ ಅಂಕಿಯಲ್ಲೇ ಸಿಕ್ಕಿಕೊಂಡಿತು. ಈ ಸಲ ಜನನಿ ಮುಳ್ಳನ್ನು ನಂಬದೆ, ಎಂಜಿನ್ನಿನ ಸದ್ದು ಕೇಳಿಕೊಂಡು ಇಳಿಸಿದಳು.

ಈಗ ಇನ್ನೊಂದು ತಕರಾರು. ಬೆಳಿಗ್ಗೆ ಮೇಲಕ್ಕೆ ಏರಿದಂತೆಲ್ಲ ಬಿಸಿ ಮೂರು ನಾಲ್ಕು ಡಿಗ್ರಿ ಹೆಚ್ಚುತ್ತದೆ ಎಂದು ಅಕ್ಕಿಕಾಳು ಹೇಳುತ್ತಿದೆ. ಏರಿದರೆ ತಂಪಾಗಬೇಕು. ಬೆಳಗಿನ ಹೊತ್ತು ಒಂದಿಷ್ಟು ಹಾಗಾಗುವುದುಂಟು, ಆದರೆ ಇಷ್ಟೊಂದೇ ಎಂದು ಪ್ರಭಾಕರನ್‌ಗೆ ಅನುಮಾನ. ಚೆನ್ನೈನಲ್ಲಿರುವ ಆಫೀಸಿನವರಿಗೆ ಅನುಮಾನವೂ ಇಲ್ಲ. ಅವರ ಕಂಪ್ಯೂಟರು ಆ ಅಂಕಿಗಳನ್ನೆಲ್ಲ ಕೆಂಪು ಮಾಡಿ ಹಿಂದಕ್ಕೆ ಕಳಿಸಿದೆ. ಒಂದು ಉಪಕರಣ ಸುಳ್ಳು ಹೇಳಿದ ಮೇಲೆ ಪಕ್ಕದ್ದನ್ನು ಯಾರು ನಂಬುತ್ತಾರೆ. ತಿಂಗಳ ಕೊನೆಯೊಳಗೆ ಎರಡೂ ಸರಿಹೋಗದಿದ್ದರೆ ರೆಕ್ಕೆ ಬಿಚ್ಚಿ, ಲಾರಿಗೆ ಹೇರಿ, ಬೇರೆ ಕಡೆಗೆ ಕಳುಹಿಸುತ್ತಾರಂತೆ.

ನಮ್ಮ ಕಣಿವೆಯ ಗಾಳಿಯನ್ನು ಅರ್ಧಕ್ಕೇ ಬಿಟ್ಟು.

ನವೆಂಬರ್ 21

ಮೀನು ಮಾರುವ ಮುನಿಯಮ್ಮಾಳ್ ಹತ್ತಿರ ಐಸು ತಂದೆವು. ಮೀನಿನ ವಾಸನೆಯ ಐಸನ್ನು ಸ್ಟೀಲ್ ಲೋಟದಲ್ಲಿ ಪುಡಿಮಾಡಿ, ನೀರು ಹಾಕಿ, ಅಕ್ಕಿಕಾಳನ್ನು ಅದರಲ್ಲಿ ಅದ್ದಿದರು. ಸೊನ್ನೆ. ಬಿಸಿನೀರಿನಲ್ಲಿ ಅದ್ದಿ, ಪಕ್ಕಕ್ಕೆ ಗಾಜಿನ ಥರ್ಮಾಮೀಟರ್ ಇಟ್ಟರು. ಎರಡೂ ಒಂದೇ ಮಾತು. ನೆಲದ ಮೇಲೆ ಇಷ್ಟು ಸತ್ಯವಂತ, ಮೇಲೆ ಹೋದರೆ ಯಾಕಪ್ಪಾ ನಿನಗೆ ಕೊಬ್ಬು ಎಂದು ಪ್ರಭಾಕರನ್ ಅದನ್ನೇ ಕೇಳಿದರು.

ತಾತ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದರು: "ಅದು ಸರಿಯಾಗೇ ಯೋಳ್ತೈತೆ. ಬೆಳಿಗ್ಗೆ ಕುಳಿರು ಕೆಳ್ಗೆ ಮಲ್ಗ್ತೈತೆ. ಮೇಲೆ ಬೆಚ್ಚಗೈತೆ. ಬೆಟ್ಟದ ಮ್ಯಾಗಳ ತೋಟಕ್ಕೆ ಕಂಬಳಿ ಬ್ಯಾಡ, ನಮ್ ತೋಟಕ್ಕೆ ಬೇಕು."

ಕುಳಿರು. ಹಳಗನ್ನಡದ ಪಾಠದಲ್ಲಿ ಚಳಿ ಎಂದು ಅರ್ಥ ಬರೆದುಕೊಂಡು ಕಲಿತ ಮಾತು. ತಾತನ ಬಾಯಲ್ಲಿ ಅದು ಇಬ್ಬನಿಯ ಹಾಗೆ ಹಸಿಯಾಗಿದೆ. ಅದರ ಸೋಜಿಗದಲ್ಲೇ ನಿಂತುಬಿಟ್ಟೆ; ಮಾತನ್ನು ಪ್ರಭಾಕರನ್‌ಗೆ ಮುಟ್ಟಿಸಲಿಲ್ಲ. ಅಷ್ಟು ಓದಿದವರಿಗೆ ನಾನು ಹೇಳುವುದೇನು.

ನವೆಂಬರ್ 23

ಮಳೆ. ಪ್ರಭಾಕರನ್ ವೇಗದ ಮುಳ್ಳನ್ನು ಬದಲಿಸಿದರು, ರಬ್ಬರ್ ಕೊಳವೆಯನ್ನೂ ಬದಲಿಸಿದರು. ಆಮೇಲೆ ಭೂತಗನ್ನಡಿ ಹಿಡಿದು ನಳಿಕೆಯ ಕೆಳಗೆ ಅರ್ಧ ಗಂಟೆ ಅಂಗಾತ ಮಲಗಿದ್ದರು. ಎದ್ದು, ತಮಗೇ ಹೇಳಿಕೊಳ್ಳುವಂತೆ ಹೇಳಿದರು: "ನೀರು ಒಳಗೆ ಹೋಗೋದು ದೊಡ್ಡ ವಿಷಯ ಅಲ್ಲ. ಎಲ್ಲಾ ವಿಮಾನಕ್ಕೂ ಹೋಗುತ್ತೆ. ಇದರಲ್ಲಿ ಹೊರಗೆ ಯಾಕೆ ಬರ್ತಾ ಇಲ್ಲ?" ಸಾಮಾನ್ಯವಾಗಿ ಇಂಥ ನಳಿಕೆಯ ಹೊಟ್ಟೆಯಲ್ಲಿ ಸೂಜಿ ಹೋಗುವಷ್ಟು ಕಂಡಿ ಇರುತ್ತದಂತೆ. ಇದು ಹಿಂದಿನ ಯಜಮಾನ ಎಲ್ಲಿಂದಲೋ ತಂದು ಹಾಕಿಸಿದ ನಳಿಕೆ, ಕಾಗದಪತ್ರ ಇಲ್ಲ. ಎಷ್ಟು ನೋಡಿದರೂ ನುಣುಪಾಗಿದೆ, ಕಂಡಿಯೇ ಇಟ್ಟಿಲ್ಲವೇನೋ ಎಂದರು.

ಮೊದಲ ವಾರ ಅದರಿಂದ ಹನಿ ಬೀಳುವುದನ್ನು ನಾನು ಕಂಡಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಇಬ್ಬನಿ ಇರಬಹುದು, ಅವರಿಗೆ ಗೊತ್ತಿಲ್ಲದ್ದೇ ಎನಿಸಿತು. ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಡೋಣವೆಂದು ಬರೆದೆ. ಇಡಲಿಲ್ಲ. ಚೀಟಿ ಈ ಪುಸ್ತಕದೊಳಗೇ ಇದೆ.

ನವೆಂಬರ್ 26

ಮಧ್ಯಾಹ್ನ ತೋಟದಲ್ಲಿ ಬಳ್ಳಿ ಸವರುವ ಕೆಲಸ. ತಾತನಿಗೆ ಕತ್ತರಿ ಹಿಡಿದುಕೊಡಲು ಹೋಗಿದ್ದೆ. ಕಡ್ಡಿ ಕತ್ತರಿಸಿದ ಕಡೆಯಿಂದ ನೀರು ಒಸರುತ್ತದೆ. ಹನಿ ತೂಗುತ್ತದೆ, ಬೀಳುತ್ತದೆ. ತಾತ ಸೊಂಟದ ಸುರುಕು ಚೀಲದ ದಾರ ಸಡಿಲಿಸಿ ಅಡಿಕೆಯಷ್ಟು ದೊಡ್ಡದೊಂದು ಉಂಡೆ ತೆಗೆದರು. ಜೇನುಮೇಣಕ್ಕೆ ಬೂದಿ ಕಲಸಿದ್ದು. ಉಗುರಿನ ತುದಿಯಲ್ಲಿ ಸಾಸಿವೆಯಷ್ಟು ಕಿತ್ತು, ಗಾಯಕ್ಕೆ ಒತ್ತಿ, ಹೆಬ್ಬೆರಳಿನಿಂದ ಮೂರು ಸಲ ತೀಡಿದರು. ಹನಿ ನಿಂತಿತು. ಗಾಯ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

ಮೇಣದ ಬಣ್ಣ ಬೂದು. ಆ ನಳಿಕೆಯ ಬಣ್ಣ.

ವಿಮಾನಕ್ಕೂ ಹೀಗೇ ಮಾಡಿದೆಯಾ ಎಂದು ಕೇಳಿದೆ. ತಾತ ಕಳ್ಳನಗೆ ನಕ್ಕರು. ಹೂಂ, ಅವತ್ತೇ ಮುಚ್ಚಿದೆ, ಆಮೇಲೆ ಒಂದು ಹನಿ ಅತ್ತಿಲ್ಲ. ಎಂಜಿನಿಯರ್ ಗಾಜು ಹಿಡಿದು ನೋಡಿದರೂ ಸಿಗಲಿಲ್ಲ ನೋಡು ಎಂದರು. ಕೆಲಸ ಮಾಡಿದ ಕೈ ಕಾಣಬಾರದು. ಅದು ಅವರ ಹೆಮ್ಮೆ. ಅವರ ಮುಖದ ಬೆಳಕು ನೋಡಿ, ಕತ್ತರಿ ಅವರ ಕೈಗೆ ಕೊಟ್ಟು ಮನೆಗೆ ಬಂದೆ.

ಈಗ ರಾತ್ರಿ ಒಂಬತ್ತು ಗಂಟೆ. ಮಳೆ ಹಿಡಿದಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಜನನಿ ಗೂಡಲೂರಿನ ಸಂದಿಗೆ ಹೋಗುತ್ತಾಳೆ. ಬೆಟ್ಟಗಳ ನಡುವೆ, ಕೆಳಗಡೆ, ನಿಧಾನವಾಗಿ ಹಾರಬೇಕು. ಹೊಸ ಮುಳ್ಳು ಹಾಕಿದ್ದಾರೆ, ಈ ಸಲ ಸರಿಯಿರುತ್ತದೆ ಎಂದು ನಂಬಿದ್ದಾಳೆ.

ಹೇಳಿದರೆ ತಾತ ಶೆಡ್ಡಿನ ಹತ್ತಿರ ಸುಳಿಯುವಂತಿಲ್ಲ. ಲೈಸನ್ಸಿಲ್ಲದವರು ವಿಮಾನ ಮುಟ್ಟಬಾರದೆಂದು ಬಾಗಿಲಲ್ಲೇ ಬರೆದಿದೆ. ಸೂಜಿ ಹೋಗುವಷ್ಟೇ ಕಂಡಿ. ಬೆಳಿಗ್ಗೆ ಬೇಗ ಹೋಗಿ ಒಂದು ಪಿನ್ನಿನಿಂದ ಚುಚ್ಚಿಬಿಟ್ಟರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಅಮ್ಮ ಎರಡು ಸಲ ಕೇಳಿದಳು, ಯಾಕೆ ಊಟ ಬಿಟ್ಟೆ ಎಂದು.

ನವೆಂಬರ್ 27

ಆರು ಗಂಟೆಗೇ ಹೋದೆ. ತಾತ ಆಗಲೇ ಅಲ್ಲಿದ್ದರು, ಶೆಡ್ಡಿನ ಮುಂದೆ ಎಲೆ ಗುಡಿಸುತ್ತಿದ್ದರು. ದಾವಣಿಯ ಪಿನ್ನು ಕೈಯಲ್ಲಿ ಹಿಡಿದು ರೆಕ್ಕೆಯ ಕೆಳಗೆ ಬಗ್ಗಿದೆ. ಗವಸು ಸರಿಸಿ ಬೆರಳಿನಿಂದ ತಡವಿದೆ. ಸಿಗಲಿಲ್ಲ. ಎಲ್ಲ ಕಡೆಯೂ ಅಷ್ಟೇ ನುಣುಪು. ಅಂದಾಜಿನ ಮೇಲೆ ಎಲ್ಲೋ ಗೀರಿದರೆ ಸಾಕಾಗುವುದಿಲ್ಲ. ಇನ್ನೊಂದೂ ಹೊಳೆಯಿತು. ನಾನು ತೆರೆದು ಸುಮ್ಮನಿದ್ದರೆ 'ಕಾರಣ' ಖಾಲಿಯೇ ಉಳಿಯುತ್ತದೆ. ಪ್ರಭಾಕರನ್ ಇನ್ನೂ ಹುಡುಕುತ್ತಲೇ ಇರುತ್ತಾರೆ. ಜನನಿ ಯಾವ ದಿನ ಯಾವ ಮುಳ್ಳನ್ನು ನಂಬಬೇಕೋ ತಿಳಿಯದೆ ಹಾರುತ್ತಾಳೆ. ತಾತನಿಗೆ ಮತ್ತೊಮ್ಮೆ ಪಾವಂ ಅನ್ನಿಸಿದರೆ ಮತ್ತೊಮ್ಮೆ ಮುಚ್ಚುತ್ತಾರೆ.

ಜನನಿ ಬೈಕಿನಲ್ಲಿ ಬಂದಳು, ಹರಾಜಿನ ರಾಗದಲ್ಲಿ ಏನೋ ಕೂಗುತ್ತ. ಅವಳ ಹಿಂದೆಯೇ ಬಂದ ಪ್ರಭಾಕರನ್ ಮಳೆಗೆ ತೊಯ್ದ ಗವಸು ಬಿಚ್ಚಿದರು. ಅವಳು ಮೆಟ್ಟಿಲಿಗೆ ಕಾಲಿಟ್ಟಳು.

ಹೋಗಬೇಡಿ ಎಂದೆ. ತಗಡಿನ ಸೂರಿಗೆ ಬಡಿದು ಅದು ನನಗೇ ಕೇಳಿಸಿತು. ಇಪ್ಪತ್ತೈದು ದಿನದಲ್ಲಿ ಅವರಿಬ್ಬರೂ ನನ್ನ ದನಿ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ. ಎಲ್ಲವನ್ನೂ ಹೇಳಿದೆ. ಬಿದ್ದ ಹನಿ, ಬಳ್ಳಿ, ಮೇಣ, ಬೂದಿ. ಕೊಡದೆ ಉಳಿದ ಚೀಟಿ. ಹೇಳುವಾಗ ತಾತನ ಕಡೆ ನೋಡಲಾಗಲಿಲ್ಲ.

ತಾತ ಪೊರಕೆ ಬದಿಗಿಟ್ಟು ಬಂದರು. ತಮಿಳಿನಲ್ಲೇ ಹೇಳಿದರು, ಯಾರ ಮೇಲೂ ಹಾಕದೆ: "ನಾನೇ ಮುಚ್ಚಿದ್ದು. ಅಳ್ತಾ ಇತ್ತು, ಮುಚ್ಚಿದೆ. ಈ ಕೂಸು ಬಿದ್ದಿದ್ರೆ ನಾನೇ ಬೀಳಿಸಿದ ಹಂಗೆ."

ಪ್ರಭಾಕರನ್ ಟಾರ್ಚು ಹಿಡಿದು ಅಂಗಾತ ಮಲಗಿದರು. ಹೇಳಿದ ಮೇಲೂ ಅವರಿಗೆ ಕಾಣಲಿಲ್ಲ. ತಾತ ಬಗ್ಗಿ, ನೋಡದೆಯೇ, ಹೆಬ್ಬೆರಳಿನ ಉಗುರನ್ನು ಒಂದು ಕಡೆ ಇಟ್ಟರು.

"ನೀವೇ ತೆಗೀರಿ ಅಯ್ಯಾ," ಎಂದರು ಪ್ರಭಾಕರನ್. "ಅದು ಎಲ್ಲಿದೆ ಅಂತ ನಿಮ್ಮ ಕೈಗೆ ಗೊತ್ತು."

ನಾನು ಪಿನ್ನು ಕೊಟ್ಟೆ. ತಾತ ಚುಚ್ಚಿ, ತಿರುಗಿಸಿ, ಎಳೆದರು. ಬೂದು ಬಣ್ಣದ ಸಾಸಿವೆಕಾಳು ಹೊರಬಂತು. ಅದರ ಹಿಂದೆಯೇ ಒಂದು ಹನಿ. ಇನ್ನೊಂದು. ಪ್ರಭಾಕರನ್ ಐಸಿನ ಲೋಟವನ್ನೇ ಕೆಳಗೆ ಹಿಡಿದರು. ಹನ್ನೊಂದು ಹನಿ ಎಣಿಸಿದೆ, ಆಮೇಲೆ ಎಣಿಸುವಂತಿರಲಿಲ್ಲ, ಸಣ್ಣ ದಾರದ ಹಾಗೆ ಇಳಿಯಿತು. ಎರಡು ಚಮಚ ನೀರು.

ಜನನಿ ಚಕ್ರಕ್ಕೆ ಅಡ್ಡ ಇಡುವ ಮರದ ದಿಮ್ಮಿಯ ಮೇಲೆ ಕೂತು ಲೋಟವನ್ನು ಕೈಗೆ ತೆಗೆದುಕೊಂಡಳು. ಓರೆಮಾಡಿ ನೀರನ್ನು ಅಲುಗಿಸಿದಳು. "ಇಷ್ಟರಲ್ಲಿ ಒಂದು ಕಾಫಿ ಕೂಡ ಆಗಲ್ಲ ಮಾಮಾ," ಎಂದಳು.

ನನಗೆ ಅರಿಸಿನ ನೀರಿನ ಕೊಳವೆ ನೆನಪಾಯಿತು. ಬೆರಳಿನ ಎರಡು ಗೆಣ್ಣು. ಅಷ್ಟು ಮೆಲ್ಲಗಿನ ಮಾತನ್ನು ಮರೆಸಲು ಇಷ್ಟು ನೀರು ಸಾಕು. ನೀರು ನಡುವೆ ನಿಂತು ಹಳೆಯ ಒತ್ತಡವನ್ನು ಒಳಗೇ ಹಿಡಿದಿಟ್ಟಿತ್ತು. ಮುಳ್ಳು ಕಳೆದುಹೋದ ವೇಗವನ್ನೇ ಹೇಳುತ್ತಿತ್ತು.

ಪುಸ್ತಕ ತಂದೆ. ಪ್ರಭಾಕರನ್ ಹೇಳಿದಂತೆ ಬರೆದೆ. ಕಾರಣ: ನೀರು ಹೊರಹೋಗುವ ಕಂಡಿ ಮೇಣದಿಂದ ಮುಚ್ಚಿತ್ತು. ಪತ್ತೆ ಮಾಡಿದವರು: ತೇನ್‌ಮೊಳಿ. ನನ್ನ ಹೆಸರು, ನನ್ನ ಕೈಯಲ್ಲೇ. ಮುಂದಿನ ಸಾಲಿಗೆ ಸ್ವಲ್ಪ ತಡೆದು ಹೇಳಿದರು. ಮುಚ್ಚಿದವರು, ತೆರೆದವರು: ಪೆರಿಯಣ್ಣನ್.

ನವೆಂಬರ್ 28

ಆಫೀಸಿನಿಂದ ಫೋನು. ಪ್ರಭಾಕರನ್ ಓಡುದಾರಿಯ ತುದಿಯವರೆಗೆ ನಡೆದು ಹೋಗಿ, ತಾತನನ್ನು ಕಾವಲಿನಿಂದ ತೆಗೆಯಬೇಡಿ ಎಂದು ಇಪ್ಪತ್ತು ನಿಮಿಷ ವಾದಿಸಿ ಬಂದರು. ಆಗಲಿಲ್ಲ. ತಾತ ಸೀಟಿ ಬಿಚ್ಚಿಕೊಟ್ಟರು. ಕೋಲು ತಮ್ಮದೇ ಆದ್ದರಿಂದ ಇಟ್ಟುಕೊಳ್ಳಲೇ ಎಂದು ಕೇಳಿದರು.

ಮನೆಗೆ ಬರುವಾಗ ಆ ಕಂಡಿ ಯಾಕೆ ಇಟ್ಟಿದ್ದು ಎಂದು ಕೇಳಿದರು. ಅಳಲಿಕ್ಕೇ ಎಂದೆ, ಅತ್ತು ಮುಗಿಸಿದರೆ ಮಾತ್ರ ಅದು ನಿಜ ಹೇಳುತ್ತದೆ. ತಾತ ಬದುವಿನ ಮೇಲೆ ನಿಂತುಬಿಟ್ಟರು.

"ಹಂಗಾದ್ರೆ ಬಳ್ಳೀನೂ ಬಿಟ್ಬುಡ್ಬೇಕಾ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ. ಅರವತ್ತು ವರ್ಷದ ಕೆಲಸವನ್ನು ಅವರು ಆ ಬದುವಿನ ಮೇಲೆ ನಿಂತು ಮತ್ತೆ ಮೊದಲಿನಿಂದ ಯೋಚಿಸುತ್ತಿದ್ದರು.

ನವೆಂಬರ್ 30

ಹಾರಿದೆ.

ಪರೀಕ್ಷೆಗೆ ಒಬ್ಬರು ಪಕ್ಕದಲ್ಲಿ ಕೂತು ಅಂಕಿ ಬರೆಯಬೇಕಿತ್ತು. ಪ್ರಭಾಕರನ್ ತೂಕ ಹೆಚ್ಚು, ನೀನೇ ಹತ್ತು ಎಂದಳು ಜನನಿ. ರಾತ್ರಿ ಮಳೆಯಾಗಿತ್ತು. ಹತ್ತುವ ಮೊದಲು ಮೂವರೂ ಬಗ್ಗಿ ನಳಿಕೆ ನೋಡಿದೆವು. ಒಂದು ಹನಿ ತೂಗುತ್ತಿತ್ತು. ಬೀಳುವವರೆಗೆ ಕಾದೆವು.

ನೆಲ ಬಿಟ್ಟದ್ದು ತಿಳಿಯಲೇ ಇಲ್ಲ. ಗಡಗಡ ಸದ್ದು ನಿಂತಿತು, ಅಷ್ಟೇ. ನೋಡಿದರೆ ನಮ್ಮ ತೋಟ ಕೆಳಗಿತ್ತು. ಹುಟ್ಟಿದಂದಿನಿಂದ ತಲೆಯ ಮೇಲೆ ಕಂಡ ದ್ರಾಕ್ಷಿ ಚಪ್ಪರಗಳು ಮಡಿಸಿಟ್ಟ ಹಸಿರು ಬಟ್ಟೆಗಳ ಹಾಗೆ ಬೆಟ್ಟದ ಬುಡದವರೆಗೂ ಹರಡಿದ್ದವು. ಅವುಗಳ ಮೇಲೆ ಮಂಜು ತೆಳ್ಳಗೆ, ಹಾಲಿನ ಕೆನೆಯ ಹಾಗೆ, ಅಲುಗದೆ ನಿಂತಿತ್ತು. ಉತ್ತರಕ್ಕೆ ಸಾಲು ಸಾಲು ಗಾಳಿಯಂತ್ರಗಳು. ಒಂದೊಂದರ ರೆಕ್ಕೆಯೂ ನಿಧಾನವಾಗಿ ತಿರುಗುತ್ತ, ದೊಡ್ಡವರು ಯೋಚಿಸುತ್ತ ತಲೆಯಾಡಿಸುವಂತೆ. ಪಶ್ಚಿಮದ ಗೋಡೆಯಂಥ ಬೆಟ್ಟಗಳ ತುದಿಗೆ ಮಾತ್ರ ಬಿಸಿಲು ತಗುಲಿತ್ತು. ಇದರೊಳಗೆ ನಮ್ಮ ಮನೆ, ಅಮ್ಮ, ನಾನು ಬರೆದ ಇಷ್ಟೂ ಪುಟಗಳು. ಎಲ್ಲವೂ ಆ ಕೆನೆಯ ಕೆಳಗೆ.

ಜನನಿ ವಿಮಾನವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಹಾರಿಸಿದಳು. ಮುಳ್ಳನ್ನೂ ಉಪಗ್ರಹದ ಅಂಕಿಯನ್ನೂ ನಾನು ಗಟ್ಟಿಯಾಗಿ ಓದಿ ಬರೆದೆ. ಗಾಳಿಯನ್ನು ಕಳೆದರೆ ನಾಲ್ಕೂ ತಾಳೆಯಾದವು.

ಆಮೇಲೆ ಏರಿದಳು. ನೆಲದ ಮೇಲೆ ಹತ್ತೊಂಬತ್ತು ಇದ್ದ ಬಿಸಿ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡೂವರೆ. ಶುರುವಾಯಿತು ನೋಡು ಇದರ ಸುಳ್ಳು ಎಂದಳು. ಸುಳ್ಳಲ್ಲ ಎಂದೆ. ತಾತ ಹೇಳಿದ್ದನ್ನು ಹೇಳಿದೆ. ಮೇಲಿನ ತೋಟಕ್ಕೆ ಕಂಬಳಿ ಬೇಡ ಎನ್ನುವುದನ್ನೂ. ಅವಳು ಮಾತಾಡದೆ ಪಕ್ಕದ ಸಣ್ಣ ಕಿಟಕಿ ಸರಿಸಿದಳು. ಪ್ರಭಾಕರನ್ ಕೊಟ್ಟಿದ್ದ ಗಾಜಿನ ಥರ್ಮಾಮೀಟರನ್ನು ನಾನು ಆ ಗಾಳಿಗೆ ಹಿಡಿದೆ. ಮೂರು ನಿಮಿಷ. ಇಪ್ಪತ್ತಮೂರು. ಅಕ್ಕಿಕಾಳಿನ ಅಂಕಿ ತೋರಿಸುವ ಪರದೆಯ ಮೇಲೂ ಇಪ್ಪತ್ತಮೂರು. ಇನ್ನೂ ಮೇಲೆ ಹೋದಾಗ ಎರಡೂ ಒಟ್ಟಿಗೇ ತಣ್ಣಗಾಗತೊಡಗಿದವು. ಬೆಚ್ಚನೆಯ ಒಂದು ಪದರ ಕಣಿವೆಯ ಮೇಲೆ ಹಾಸಿತ್ತು. ಅದರೊಳಗೆ ಕೈ ಚಾಚಿ ಕೂತಿದ್ದೆ. ಕಾಣದ್ದನ್ನು ಮುಟ್ಟಿದ್ದೆ.

ಇಳಿದ ಮೇಲೆ ಪ್ರಭಾಕರನ್ ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆಸಿ ಆಫೀಸಿಗೆ ಕಳುಹಿಸಿದರು. ವಿಮಾನ ಇಲ್ಲೇ ಇರುತ್ತದಂತೆ.

ತಾತ ಬೇಲಿಯ ಆ ಕಡೆ, ನಮ್ಮ ತೋಟದ ಅಂಚಿನಲ್ಲಿ ನಿಂತಿದ್ದರು. ಬಿಳಿ ಅಂಗಿ. ಕೈಯಲ್ಲಿ ಕತ್ತರಿ. ತಂತಿಯ ಹತ್ತಿರ ಹೋದೆ. ಹೆದರಿದೆಯಾ ಎಂದು ಕೇಳುತ್ತಾರೆಂದುಕೊಂಡಿದ್ದೆ.

"ಮೇಲೆ ಹೆಂಗಿತ್ತು?"

"ಬೆಚ್ಚಗಿತ್ತು ತಾತಾ. ನೀ ಯೋಳ್ದಂಗೇ. ಕುಳಿರು ಕೆಳ್ಗೇ ಮಲ್ಗಿತ್ತು."

ತಾತ ನನ್ನ ಬಾಯನ್ನೇ ನೋಡಿದರು, ತಮ್ಮ ಮಾತು ಅಲ್ಲಿಂದ ಬಂತೇ ಎನ್ನುವಂತೆ. ಆಮೇಲೆ ಬಳ್ಳಿಗೆ ತಿರುಗಿದರು. ಆಗಷ್ಟೇ ಕತ್ತರಿಸಿದ ಕಡ್ಡಿಯ ತುದಿಯಲ್ಲಿ ಒಂದು ಹನಿ ತೂಗಿ, ಬಿತ್ತು. ಸುರುಕು ಚೀಲದ ಕಡೆಗೆ ಅವರ ಕೈ ಹೋಗಲಿಲ್ಲ.